ಸವೆದ ಅಚ್ಚು

ಬಂಡಿಯನ್ನು ನೋಡಿದವರು ಚಕ್ರವನ್ನು ಹೊಗಳುತ್ತಾರೆ. ಅಚ್ಚನ್ನು ನೆನೆಯುವವರು ವಿರಳ. ಚಕ್ರವು ಉರುಳಬೇಕಾದರೆ ಅದರ ನಡುವೆ ಭಾರವನ್ನು ಹೊತ್ತು ನಿಂತ ವಸ್ತುವೊಂದು ಇರಲೇಬೇಕು. ಅದು ಧೂಳು ಕೊಳೆಗಳ ಮರೆಯಲ್ಲಿದ್ದು ದುಡಿಯುತ್ತದೆ. ಮುರಿದ ದಿನ ಮಾತ್ರ ತನ್ನ ಇರವನ್ನು ತಿಳಿಸುತ್ತದೆ. ಸಂಸ್ಕೃತದ ‘ಅಕ್ಷ’, ಲ್ಯಾಟಿನ್ನಿನ ‘ಆಕ್ಸಿಸ್’, ಇಂಗ್ಲಿಷಿನ ‘ಆಕ್ಸಲ್’ ಇವು ಮೂರೂ ಒಂದೇ ಮೂಲದ ಮಾತುಗಳೆಂದು ಭಾಷಾಶಾಸ್ತ್ರಜ್ಞರು ತಿಳಿಸಿದ್ದಾರೆ. ಅಷ್ಟು ಪುರಾತನವಾದ ಈ ಅಂಗವು ಎತ್ತಿನ ಬಂಡಿಯಿಂದ ಮೋಟಾರು ಗಾಡಿಗೆ ಬಂದಿತು. ಬರುವಾಗ ತನ್ನ ಹಳೆಯ ಸಮಸ್ಯೆಯನ್ನೂ ಜೊತೆಗೇ ತಂದಿತು. ಸವೆದ ಅಚ್ಚನ್ನು ದುರಸ್ತಿಮಾಡಿ ಉಳಿಸಿಕೊಳ್ಳಬೇಕೋ, ತೆಗೆದುಹಾಕಿ ಹೊಸದನ್ನು ತೊಡಿಸಬೇಕೋ ಎಂಬುದೇ ಆ ಸಮಸ್ಯೆ.

ಇದು ಮೇಸ್ತ್ರಿಯು ತೀರ್ಮಾನಿಸಬೇಕಾದ ಮಾತೆಂದು ಮೇಲುನೋಟಕ್ಕೆ ತೋರುತ್ತದೆ. ಖರ್ಚೆಷ್ಟು, ದಿನವೆಷ್ಟು, ಸಾಮಾನು ದೊರೆಯುವುದೆಲ್ಲಿ ಎಂಬುವನ್ನು ಅವನೇ ಹೇಳಬಲ್ಲನು. ಆದರೆ ಅವನು ಉತ್ತರಿಸಲಾರದ ಮೂರು ಪ್ರಶ್ನೆಗಳು ಇದರೊಳಗೆ ಅಡಗಿವೆ. ಅಂಗವನ್ನು ಬದಲಿಸಿದ ಮೇಲೆ ಗಾಡಿಯು ಅದೇ ಗಾಡಿಯಾಗಿ ಉಳಿಯುವುದೆ? ಹಳೆಯ ವಸ್ತುವಿಗೆ ಸಲ್ಲಬೇಕಾದ ನಿಷ್ಠೆಯೆಂಬುದು ಉಂಟೆ? ಉಂಟಾದರೆ, ಆ ನಿಷ್ಠೆಗಾಗಿ ದಾರಿಯಲ್ಲಿ ಹೋಗುವವರ ಪ್ರಾಣವನ್ನು ಪಣಕ್ಕೊಡ್ಡುವ ಅಧಿಕಾರ ಒಡೆಯನಿಗಿದೆಯೆ? ಈ ಮೂರೂ ಧರ್ಮಜಿಜ್ಞಾಸೆಗೆ ಸೇರಿದ ಪ್ರಶ್ನೆಗಳು.

ಪ್ರಶ್ನೆಯು ಗಾಳಿಯಲ್ಲಿ ತೇಲದಂತೆ ಒಂದು ನಿಜವಾದ ಗಾಡಿಯನ್ನೇ ಎದುರಿಗಿಟ್ಟುಕೊಳ್ಳುವುದು ಒಳ್ಳೆಯದು. ಅಮೆರಿಕೆಯ ಹೆನ್ರಿ ಫೋರ್ಡನ ಕಾರ್ಖಾನೆಯಲ್ಲಿ 1908ರಿಂದ 1927ರವರೆಗೆ ತಯಾರಾದ ‘ಮಾಡಲ್ ಟಿ’ ಎಂಬ ಗಾಡಿ ಲೋಕಪ್ರಸಿದ್ಧವಾದುದು. ಒಂದೂವರೆ ಕೋಟಿಗಿಂತ ಹೆಚ್ಚು ಗಾಡಿಗಳು ಆ ಹೆಸರಿನಲ್ಲಿ ಹೊರಬಂದುವು. ಅವುಗಳಲ್ಲಿ ಸಾವಿರಾರು ಇಂದಿಗೂ ಪ್ರೀತಿಯಿಂದ ಸಾಕಲ್ಪಟ್ಟು ರಸ್ತೆಯ ಮೇಲೆ ಓಡುತ್ತಿವೆ. ಇದರ ಹಿಂದಿನ ಅಚ್ಚಿನ ರಚನೆಯಲ್ಲಿ ಪ್ರಕೃತ ಪ್ರಶ್ನೆಯು ಬಹಳ ಸ್ಪಷ್ಟವಾಗಿ ಕಾಣುತ್ತದೆ.

ಎಂಜಿನಿನಿಂದ ಬಂದ ತಿರುಗುವ ಶಕ್ತಿಯು ಉದ್ದವಾದ ದಂಡವೊಂದರ ಮೂಲಕ ಹಿಂದಕ್ಕೆ ಹರಿದು, ಅದರ ತುದಿಯಲ್ಲಿರುವ 11 ಹಲ್ಲುಗಳ ಸಣ್ಣ ಚಕ್ರವನ್ನು ತಿರುಗಿಸುತ್ತದೆ. ಆ ಚಕ್ರವು 40 ಹಲ್ಲುಗಳ ದೊಡ್ಡ ಚಕ್ರವನ್ನು ತಿರುಗಿಸುತ್ತದೆ. ದೊಡ್ಡ ಚಕ್ರಕ್ಕೆ ಹೊಂದಿದ ಎರಡು ಅರೆದಂಡಗಳು ಎಡಬಲದ ಗಾಲಿಗಳನ್ನು ನಡೆಸುತ್ತವೆ. ಸಣ್ಣದು ದೊಡ್ಡದನ್ನು ತಳ್ಳುವಾಗ ತಿರುಗಿಸುವುದಷ್ಟೇ ಅಲ್ಲದೆ ಪಕ್ಕಕ್ಕೂ ಒತ್ತುತ್ತದೆ. ಆ ಒತ್ತಡವನ್ನು ತಡೆಯಲು ಬಹುಪಾಲು ಗಾಡಿಗಳಲ್ಲಿ ಬ್ಯಾಬಿಟ್ ಎಂಬ ಬಿಳಿಯ ಲೋಹದ ಬಳೆಗಳನ್ನಿಟ್ಟಿದ್ದರು. ತವರ, ಆಂಟಿಮನಿ, ತಾಮ್ರ ಮೊದಲಾದುವನ್ನು ಕೂಡಿಸಿ ಮಾಡಿದ ಈ ಮೃದುಲೋಹವು ಹೊಸದಾಗಿದ್ದಾಗ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಆದರೆ ದಶಕಗಳು ಕಳೆದಂತೆ ಅದು ಬಿರುಕುಬಿಟ್ಟು, ಹಳೆಯ ಗಾರೆಯಂತೆ ಉದುರಿಹೋಗುತ್ತದೆ. ಉದುರಿದೊಡನೆ ದೊಡ್ಡ ಚಕ್ರವು ಪಕ್ಕಕ್ಕೆ ಸರಿಯುತ್ತದೆ. ಹಲ್ಲು ಹಲ್ಲಿನಿಂದ ಬಿಡುತ್ತದೆ.

ಅಷ್ಟಾದರೆ ಗಾಡಿಯು ನಿಲ್ಲುವುದು ತಾನೆ, ಅದರಲ್ಲಿ ಭಯವೇನು ಎಂದು ಕೇಳಬಹುದು. ಭಯವಿರುವುದು ಇಲ್ಲಿಯೇ. ಈ ಗಾಡಿಯ ಕಾಲುಬ್ರೇಕು ಗಾಲಿಗಳನ್ನು ಹಿಡಿಯುವುದಿಲ್ಲ. ಎಂಜಿನಿನ ಬಳಿಯಲ್ಲಿ, ದಂಡವು ಹೊರಡುವ ಸ್ಥಳದಲ್ಲಿ ಹಿಡಿಯುತ್ತದೆ. ಹಲ್ಲುಗಳ ಸಂಬಂಧ ಕಡಿದುಹೋದರೆ ಓಡಿಸುವ ಶಕ್ತಿಯೊಡನೆ ನಿಲ್ಲಿಸುವ ಶಕ್ತಿಯೂ ಹೊರಟುಹೋಗುತ್ತದೆ. ಗಾಲಿಗಳಿಗೆ ನೇರವಾಗಿ ತಗಲುವ ಕೈಬ್ರೇಕೊಂದು ಉಂಟು; ಆದರೆ ಅದು ನಿಂತ ಗಾಡಿಯನ್ನು ನಿಲ್ಲಿಸಿಡುವುದಕ್ಕೆ ತಕ್ಕಷ್ಟು ಬಲವುಳ್ಳದ್ದು, ಇಳಿಜಾರಿನಲ್ಲಿ ಓಡುವ ಗಾಡಿಯನ್ನು ತಡೆಯತಕ್ಕದ್ದಲ್ಲ. ಆದುದರಿಂದ ಗಾಡಿಯ ಹೊಟ್ಟೆಯೊಳಗೆ ಮರೆಯಾಗಿರುವ ಕೈಬಳೆಯಷ್ಟು ಸಣ್ಣ ಲೋಹದ ತುಂಡುಗಳ ಮೇಲೆ ಒಳಗಿರುವವರ ಮತ್ತು ಎದುರಿಗೆ ಬರುವವರ ಜೀವಗಳು ನಿಂತಿವೆ. ಇದನ್ನು ಅರಿತ ಅನುಭವಿಗಳು ಬ್ಯಾಬಿಟ್ಟನ್ನು ತೆಗೆದು ಕಂಚಿನ ಬಳೆಗಳನ್ನು ಹಾಕಬೇಕೆಂದು ಹೇಳುತ್ತ ಬಂದಿದ್ದಾರೆ.

ಈಗ ಒಬ್ಬ ಗೃಹಸ್ಥನನ್ನು ಭಾವಿಸಬಹುದು. ಅವನ ಗಾಡಿಯು ಅಜ್ಜನ ಕಾಲದ್ದು. ಅದರ ಒಂದೊಂದು ಅಂಗವೂ ಕಾರ್ಖಾನೆಯಿಂದ ಬಂದಾಗ ಇದ್ದಂತೆಯೇ ಇದೆ. ಅಜ್ಜನು ಓಡಿಸಿದನು, ತಂದೆಯು ಓಡಿಸಿದನು, ಎಂದೂ ಕೈಕೊಡಲಿಲ್ಲ. ಮೇಸ್ತ್ರಿಯು ಬಂದು, “ಹಿಂದಿನ ಅಚ್ಚನ್ನು ಬಿಚ್ಚಿ ನೋಡಬೇಕು” ಎಂದಾಗ ಗೃಹಸ್ಥನ ಮನಸ್ಸು ಒಪ್ಪುವುದಿಲ್ಲ. ಅವನ ಪಕ್ಷದಲ್ಲಿ ಹೇಳತಕ್ಕ ಮಾತುಗಳು ಇಲ್ಲದೆ ಇಲ್ಲ. ಅವನ್ನು ಮೊದಲು ನ್ಯಾಯವಾಗಿ ಕೇಳಬೇಕು.

ಅವನ ಮೊದಲನೆಯ ವಾದ ಇದು: “ಇಂದು ಬಳೆ, ನಾಳೆ ದಂಡ, ನಾಡಿದ್ದು ಹಲ್ಲುಚಕ್ರ, ಹೀಗೆ ಒಂದೊಂದನ್ನೇ ಬದಲಿಸುತ್ತ ಹೋದರೆ ಕೊನೆಗೆ ಅಜ್ಜನ ಗಾಡಿಯಲ್ಲಿ ಅಜ್ಜನದೆಂಬುದು ಏನು ಉಳಿಯಿತು?” ಈ ವಾದವು ಅತಿ ಪುರಾತನವಾದುದು. ಥೀಸಿಯಸ್ಸನ ಹಡಗನ್ನು ಆಥೆನ್ಸಿನವರು ಕೊಳೆತ ಹಲಗೆಗಳನ್ನು ತೆಗೆದು ಹೊಸ ಹಲಗೆಗಳನ್ನು ಹಾಕುತ್ತ ಕಾಪಾಡಿದರೆಂದೂ, ಅದು ಅದೇ ಹಡಗೋ ಬೇರೆಯೋ ಎಂದು ತತ್ತ್ವಜ್ಞರು ವಾದಿಸಿದರೆಂದೂ ಪ್ಲೂಟಾರ್ಕನು ಬರೆದಿದ್ದಾನೆ. 1655ರಲ್ಲಿ ಇಂಗ್ಲೆಂಡಿನ ಹಾಬ್ಸನು ಈ ತೊಡಕಿಗೆ ಇನ್ನೊಂದು ಗಂಟನ್ನು ಹಾಕಿದನು: ತೆಗೆದ ಹಲಗೆಗಳನ್ನೆಲ್ಲ ಒಬ್ಬನು ಕೂಡಿಟ್ಟು ಮತ್ತೊಂದು ಹಡಗನ್ನು ಕಟ್ಟಿದರೆ, ಎರಡರಲ್ಲಿ ಯಾವುದು ಥೀಸಿಯಸ್ಸನದು?

ಆದರೆ ಅಚ್ಚಿನ ಮಾತನ್ನೇ ಎತ್ತಿ ಈ ಪ್ರಶ್ನೆಗೆ ಉತ್ತರ ಹೇಳಿದವರು ಭಾರತದಲ್ಲಿದ್ದರು. ‘ಮಿಲಿಂದಪಞ್ಹ’ ಎಂಬ ಪಾಳಿಗ್ರಂಥದಲ್ಲಿ ರಥವನ್ನೇರಿ ಬಂದ ಯವನರಾಜ ಮಿಲಿಂದನನ್ನು ಭಿಕ್ಷುವಾದ ನಾಗಸೇನನು, ಮೂಕಿಯೇ ರಥವೋ, ಅಚ್ಚೇ ರಥವೋ, ಚಕ್ರಗಳೇ ರಥವೋ ಎಂದು ಒಂದೊಂದಾಗಿ ಕೇಳುತ್ತಾನೆ. ಒಂದೂ ರಥವಲ್ಲವೆಂದು ರಾಜನು ಒಪ್ಪಬೇಕಾಗುತ್ತದೆ. ಈ ಅಂಗಗಳೆಲ್ಲ ಕೂಡಿದಲ್ಲಿ ‘ರಥ’ವೆಂಬ ವ್ಯವಹಾರ ನಡೆಯುತ್ತದೆಯೇ ಹೊರತು, ಅವುಗಳ ಹಿಂದೆ ಬಚ್ಚಿಟ್ಟುಕೊಂಡ ರಥವೆಂಬ ಬೇರೊಂದು ವಸ್ತುವಿಲ್ಲವೆಂಬುದು ಅಲ್ಲಿಯ ಸಿದ್ಧಾಂತ. ನಾಗಸೇನನ ಉದ್ದೇಶವು ಆತ್ಮವಿಚಾರವಾಗಿತ್ತು; ಆದರೂ ಆ ಮಾತು ಗೃಹಸ್ಥನಿಗೆ ಉಪಯೋಗಕ್ಕೆ ಬರುತ್ತದೆ. ಅಚ್ಚು ಗಾಡಿಯಲ್ಲವಾದರೆ, ಅಚ್ಚನ್ನು ಬದಲಿಸಿದ ಮಾತ್ರಕ್ಕೆ ಗಾಡಿಯು ನಾಶವಾಗಲಾರದು.

ಪುರಿಯ ಜಗನ್ನಾಥನ ರಥಯಾತ್ರೆಯು ಇದನ್ನು ಕಣ್ಣಿಗೆ ಕಾಣುವಂತೆ ತೋರಿಸುತ್ತದೆ. ಜಗನ್ನಾಥನ ನಂದಿಘೋಷಕ್ಕೆ 16 ಚಕ್ರಗಳು, ಬಲಭದ್ರನ ತಾಲಧ್ವಜಕ್ಕೆ 14, ಸುಭದ್ರೆಯ ದರ್ಪದಲನಕ್ಕೆ 12. ಈ ಮೂರು ರಥಗಳನ್ನೂ ಪ್ರತಿ ವರ್ಷ ಹೊಸ ಮರದಿಂದ ಕಟ್ಟುತ್ತಾರೆ. ಉತ್ಸವವು ಮುಗಿದ ಮೇಲೆ ಬಿಚ್ಚುತ್ತಾರೆ. ಆದರೂ ಮುಂದಿನ ವರ್ಷದ ನಂದಿಘೋಷವನ್ನು ಕಂಡು ಯಾವ ಭಕ್ತನೂ ಇದು ಬೇರೆ ರಥವೆಂದು ಹಿಂದಿರುಗುವುದಿಲ್ಲ. ಅಳತೆ, ಹೆಸರು, ಕಟ್ಟುವವರ ವಂಶಪರಂಪರೆಯ ಕೌಶಲ, ಸೇವೆಯ ಉದ್ದೇಶ ಇವು ಉಳಿದುಬಂದಿರುವುದರಿಂದ ರಥವೂ ಉಳಿದುಬಂದಿದೆ. ಅಜ್ಜನ ಗಾಡಿಯು ಅಜ್ಜನದಾಗಿರುವುದು ಬ್ಯಾಬಿಟ್ಟಿನ ಬಳೆಯಿಂದಲ್ಲ. ಅದನ್ನು ಓಡಿಸಿ, ತೊಳೆದು, ಮಕ್ಕಳಿಗೆ ಒಪ್ಪಿಸಿದ ಕ್ರಮದಿಂದ.

ಗೃಹಸ್ಥನ ಎರಡನೆಯ ವಾದವು ಇದಕ್ಕಿಂತ ಬಲವಾದುದು. “ಸವೆದುದನ್ನೆಲ್ಲ ಎಸೆಯುವುದೇ ಈ ಕಾಲದ ರೋಗ. ದುಡಿದ ವಸ್ತುವಿಗೆ ಕೃತಜ್ಞತೆ ಬೇಡವೆ? ಕೈಲಾದಮಟ್ಟಿಗೆ ದುರಸ್ತಿಮಾಡಿ ಬಾಳಿಸುವುದೇ ಒಳ್ಳೆಯ ಒಕ್ಕಲುತನ.” ಈ ಮಾತಿನಲ್ಲಿ ಸತ್ಯವಿದೆ. ಹರಿದ ಆಸನವನ್ನು ಹೊಲಿಸಬಹುದು, ಡೊಂಕಾದ ತಗಡನ್ನು ಬಡಿದು ನೆಟ್ಟಗೆಮಾಡಬಹುದು, ಮಾಸಿದ ಬಣ್ಣವನ್ನು ಹಾಗೆಯೇ ಬಿಡಬಹುದು. ಇವೆಲ್ಲ ಹಳತರ ಗೌರವವನ್ನು ಹೆಚ್ಚಿಸುತ್ತವೆ. ಅಚ್ಚಿನಲ್ಲಿಯೂ ದುರಸ್ತಿಗೆ ಎಡೆಯುಂಟು. ಅಚ್ಚಿನ ಹೊರಗಿನ ಕವಚವನ್ನು ಉಳಿಸಿಕೊಳ್ಳಬಹುದು. ಎಣ್ಣೆ ಸೋರುವಲ್ಲಿ ಹೊಸ ತಡೆಯನ್ನಿಡಬಹುದು. ಆದರೆ ತಿರುಗುವ ದಂಡದ ವಿಷಯವು ಬೇರೆ. ಬೇರಿಂಗಿನ ಉರುಳೆಗಳು ಉಜ್ಜಿ ಗೀರುಬಿದ್ದ ದಂಡದ ಮೇಲೆ ಬೆಸುಗೆಯಿಂದ ಲೋಹವನ್ನು ತುಂಬಿ, ಕಡೆದು, ಹೊಸದರಂತೆ ನುಣುಪುಮಾಡುವುದು ಸಾಧ್ಯ. ನೋಡುವವರಿಗೆ ಅದು ಹೊಸ ದಂಡವೇ. ಆದರೆ ಬೆಸುಗೆಯ ಕಾವು ಉಕ್ಕಿನ ಒಳಗುಣವನ್ನೇ ಬದಲಿಸುತ್ತದೆ; ಬೆಸೆದ ಸ್ಥಳದ ಅಂಚಿನಲ್ಲಿಯೇ ಮುಂದಿನ ಬಿರುಕಿಗೆ ಬೀಜವು ಬೀಳಬಹುದು. ಹೊರಗಿನ ಅಳತೆಯು ಸರಿಯಾಗಿದೆಯೆಂಬುದೊಂದು ಮಾತು, ಒಳಗಿನ ಬಲವು ಸರಿಯಾಗಿದೆಯೆಂಬುದು ಮತ್ತೊಂದು ಮಾತು. ಮೊದಲನೆಯದನ್ನು ತೋರಿಸಿ ಎರಡನೆಯದನ್ನು ನಂಬಿಸುವ ದುರಸ್ತಿಯು ಕೃತಜ್ಞತೆಯಲ್ಲ, ವೇಷ.

ಮೂರನೆಯ ವಾದವು ಎಲ್ಲಕ್ಕಿಂತ ಸಾಮಾನ್ಯವಾದುದೂ ಅಪಾಯಕರವಾದುದೂ ಆಗಿದೆ: “ಇಷ್ಟು ವರ್ಷ ನಿಂತಿತು, ಇನ್ನೂ ನಿಲ್ಲುತ್ತದೆ.” ಮನುಷ್ಯರ ವಿಷಯದಲ್ಲಿ ಈ ತರ್ಕವು ಸ್ವಲ್ಪಮಟ್ಟಿಗೆ ನಡೆಯುತ್ತದೆ. ನಲವತ್ತು ವರ್ಷ ಪ್ರಾಮಾಣಿಕನಾಗಿದ್ದ ಗುಮಾಸ್ತನು ನಾಳೆಯೂ ಪ್ರಾಮಾಣಿಕನಾಗಿರುವನೆಂದು ನಂಬುವುದು ಯುಕ್ತ. ಆದರೆ ಲೋಹದ ಸ್ವಭಾವವು ಹಾಗಲ್ಲವೆಂಬುದನ್ನು ಲೋಕವು ಬಹಳ ಬೆಲೆತೆತ್ತು ಕಲಿತಿದೆ. 1842ನೆಯ ಮೇ 8ರಂದು ವರ್ಸೇಲ್ಸಿನಿಂದ ಪ್ಯಾರಿಸಿಗೆ ಹಿಂದಿರುಗುತ್ತಿದ್ದ ರೈಲುಗಾಡಿಯ ಮುಂದಿನ ಎಂಜಿನಿನ ಅಚ್ಚು ಮುರಿಯಿತು. ಗಾಡಿಗಳು ಒಂದರ ಮೇಲೊಂದು ಏರಿ, ಬೆಂಕಿ ಹತ್ತಿ, ಬೀಗಹಾಕಿದ ಡಬ್ಬಿಗಳೊಳಗೆ ಐವತ್ತಕ್ಕೂ ಹೆಚ್ಚು ಮಂದಿ ಮಡಿದರು. ದಕ್ಷಿಣಧ್ರುವದ ಹಿಮಸಮುದ್ರಗಳನ್ನು ದಾಟಿ ಬದುಕಿ ಬಂದಿದ್ದ ನಾವಿಕ ದ್ಯೂಮೋ ದ್ಯುರ್ವಿಲ್ಲನು ಹೆಂಡತಿ ಮಗನೊಡನೆ ಅಲ್ಲಿ ಸತ್ತನು.

ಅಂದಿನಿಂದ ಅಚ್ಚುಗಳು ಏಕೆ ಮುರಿಯುತ್ತವೆಂಬ ವಿಚಾರವು ಶಾಸ್ತ್ರವಾಗಿ ಬೆಳೆಯಿತು. 1843ರಲ್ಲಿ ಸ್ಕಾಟ್ಲೆಂಡಿನ ರ್‍ಯಾಂಕಿನ್ ಮುರಿದ ರೈಲ್ವೆ ಅಚ್ಚುಗಳನ್ನು ಪರೀಕ್ಷಿಸಿ, ಬಿರುಕು ಹೊರಮೈಯಲ್ಲಿ ಹುಟ್ಟಿ ಮೆಲ್ಲಮೆಲ್ಲನೆ ಒಳಕ್ಕೆ ಸಾಗುವುದನ್ನು ವಿವರಿಸಿದನು. ಪ್ರಷ್ಯದ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್ 1850ರ ದಶಕದಿಂದ 1870ರವರೆಗೆ ಪ್ರಯೋಗಗಳನ್ನು ನಡೆಸಿ, ಒಂದು ಸಲಕ್ಕೆ ಸುಲಭವಾಗಿ ತಡೆಯಬಲ್ಲ ಭಾರವೇ ಲಕ್ಷಾಂತರ ಸಲ ಮರಳಿ ಮರಳಿ ಬಿದ್ದರೆ ಅಚ್ಚನ್ನು ಮುರಿಯಬಲ್ಲದೆಂದು ತೋರಿಸಿದನು. ತಿರುಗುವ ದಂಡವು ಪ್ರತಿ ಸುತ್ತಿಗೂ ಒಮ್ಮೆ ಅತ್ತ, ಒಮ್ಮೆ ಇತ್ತ ಬಾಗುತ್ತದೆ. ಮಾಡಲ್ ಟಿ ಗಾಡಿಯ ಹಿಂದಿನ ಗಾಲಿಯ ಅಡ್ಡಳತೆ ಸುಮಾರು 30 ಅಂಗುಲ. ಆದುದರಿಂದ ಒಂದು ಮೈಲಿಗೆ ಸುಮಾರು 670 ಸುತ್ತು. ಹತ್ತು ಸಾವಿರ ಮೈಲಿಗೆ 67 ಲಕ್ಷ ಸುತ್ತುಗಳಾಗುತ್ತವೆ. ಅಚ್ಚಿನ ವಯಸ್ಸನ್ನು ಅಳೆಯತಕ್ಕದ್ದು ವರ್ಷಗಳಿಂದಲ್ಲ, ಈ ಬಾಗುವಿಕೆಗಳಿಂದ. ಹಾಗಾದರೆ, “ಇಷ್ಟು ದಿನ ನಿಂತಿತು” ಎಂಬ ಮಾತು ಬಲಕ್ಕೆ ಸಾಕ್ಷಿಯಾಗುವುದಕ್ಕೆ ಬದಲಾಗಿ, ಎಷ್ಟು ವ್ಯಯವಾಯಿತೆಂಬುದಕ್ಕೆ ಸಾಕ್ಷಿಯಾಗುತ್ತದೆ.

ಇಲ್ಲಿ ಇಂಗ್ಲೆಂಡಿನ ಗಣಿತಜ್ಞ ಕ್ಲಿಫರ್ಡನು 1877ರಲ್ಲಿ ಪ್ರಕಟಿಸಿದ ನಂಬಿಕೆಯ ನೀತಿಯನ್ನು ಕುರಿತ ಪ್ರಬಂಧವು ನೆನಪಿಗೆ ಬರುತ್ತದೆ. ಹಡಗಿನ ಒಡೆಯನೊಬ್ಬನು ತನ್ನ ಹಡಗು ಹಳತಾಗಿದೆಯೆಂಬ ಸಂದೇಹವನ್ನು, ಅದು ಎಷ್ಟೋ ಪ್ರಯಾಣಗಳನ್ನು ಮುಗಿಸಿದೆಯೆಂಬ ಸಮಾಧಾನದಿಂದ ಅಡಗಿಸಿ, ಪ್ರಯಾಣಿಕರನ್ನು ತುಂಬಿ ಕಳುಹಿಸುತ್ತಾನೆ, ಹಡಗು ಮುಳುಗುತ್ತದೆ. ಅವನು ಮನಃಪೂರ್ವಕವಾಗಿಯೇ ನಂಬಿದ್ದನು. ಆದರೂ ಅಪರಾಧಿ, ಏಕೆಂದರೆ ಹಾಗೆ ನಂಬಲು ಅವನಿಗೆ ಹಕ್ಕಿರಲಿಲ್ಲ ಎಂಬುದು ಕ್ಲಿಫರ್ಡನ ನಿರ್ಣಯ. ಹಡಗು ಸುಖವಾಗಿ ದಡಸೇರಿದ್ದರೂ ಅವನ ಅಪರಾಧವು ಕಡಮೆಯಾಗುತ್ತಿರಲಿಲ್ಲವೆಂದೂ ಅವನು ಹೇಳುತ್ತಾನೆ. ಅಚ್ಚನ್ನು ಬಿಚ್ಚಿ ನೋಡಲು ಒಪ್ಪದ ಗೃಹಸ್ಥನು ಸುಳ್ಳನ್ನು ಆಡಿಲ್ಲ; ಸತ್ಯವು ತನ್ನ ಮುಂದೆ ಬರದಂತೆ ಬಾಗಿಲುಹಾಕಿದ್ದಾನೆ. ಸುಳ್ಳಿಗೂ ಇದಕ್ಕೂ ಇರುವ ಅಂತರವು ಎದುರಿನಿಂದ ಬರುವ ಪಾದಚಾರಿಯ ದೃಷ್ಟಿಯಿಂದ ಬಹಳ ಸಣ್ಣದು.

ಇದಕ್ಕೊಂದು ಆಕ್ಷೇಪವುಂಟು. ಎಲ್ಲವನ್ನೂ ಸಂದೇಹಿಸುತ್ತ ಹೋದರೆ ಯಾರೂ ಮನೆಬಿಟ್ಟು ಹೊರಡುವಂತಿಲ್ಲ. ಹೊಸ ಅಚ್ಚಿನಲ್ಲಿಯೂ ಕಾಣದ ದೋಷವಿರಬಹುದು. ಇದು ನಿಜ. ಆದರೆ ಧರ್ಮವು ಕೇಳುವುದು ಸಂಪೂರ್ಣ ನಿಶ್ಚಯವನ್ನಲ್ಲ, ಕೈಗೆಟಕುವ ಪರೀಕ್ಷೆಯನ್ನು. ಹಿಂದಿನ ಕಾಲದ ರೈಲ್ವೆ ಕೆಲಸಗಾರರು ಅಚ್ಚಿಗೆ ಎಣ್ಣೆ ಹಚ್ಚಿ, ಚೆನ್ನಾಗಿ ಒರಸಿ, ಮೇಲೆ ಸೀಮೆಸುಣ್ಣವನ್ನು ಬಳಿಯುತ್ತಿದ್ದರು. ಬಿರುಕಿದ್ದರೆ ಅದರೊಳಗೆ ಇಳಿದ ಎಣ್ಣೆಯು ಜಿನುಗಿ ಬಿಳುಪಿನ ಮೇಲೆ ಕಪ್ಪುಗೆರೆಯನ್ನೆಳೆಯುತ್ತಿತ್ತು. ಅನಂತರದ ಕಾಲದಲ್ಲಿ ದಂಡವನ್ನು ಅಯಸ್ಕಾಂತವಾಗಿಸಿ ಕಬ್ಬಿಣದ ಪುಡಿಯನ್ನು ಚಿಮುಕಿಸುವ ಕ್ರಮವು ಬಂದಿತು. ಪುಡಿಯು ಬಿರುಕಿನ ಗುಂಟ ಕೂಡುತ್ತದೆ. ಎಣ್ಣೆ, ಬಟ್ಟೆ, ಸೀಮೆಸುಣ್ಣ ಇವಿಷ್ಟರಿಂದ ತಿಳಿಯಬಹುದಾದುದನ್ನು ತಿಳಿಯದೆ ಇದ್ದವನು, ಮುಂದೆ ವಿಧಿಯನ್ನು ದೂರುವುದು ಸಲ್ಲದು.

ಈ ವಿಚಾರದಿಂದ ಒಂದು ವಿವೇಕಸೂತ್ರವು ದೊರೆಯುತ್ತದೆ. ಅಂಗವು ಕೆಟ್ಟಾಗ ನಷ್ಟವು ಯಾರಿಗೆ ಎಂದು ಕೇಳಿಕೊಳ್ಳಬೇಕು. ಅಚ್ಚುಗಳಲ್ಲಿಯೇ ಎರಡು ಜಾತಿಗಳಿವೆ. ಭಾರಿ ಲಾರಿಗಳಲ್ಲಿ ಸಾಮಾನ್ಯವಾಗಿ ಗಾಡಿಯ ಭಾರವನ್ನೆಲ್ಲ ಹೊರಗಿನ ಕವಚವೇ ಹೊರುತ್ತದೆ. ಒಳಗಿನ ದಂಡಕ್ಕೆ ತಿರುಗಿಸುವ ಕೆಲಸ ಮಾತ್ರ. ಅಲ್ಲಿ ದಂಡವು ಮುರಿದರೆ ಗಾಲಿಯು ತನ್ನ ಸ್ಥಳದಲ್ಲಿಯೇ ಇರುತ್ತದೆ, ಲಾರಿಯು ಮುಂದಕ್ಕೆ ಹೋಗಲಾರದಷ್ಟೆ. ಮಾಡಲ್ ಟಿಯಂತಹ ಗಾಡಿಗಳಲ್ಲಿ ದಂಡವೇ ತಿರುಗಿಸಲೂ ಬೇಕು, ಭಾರವನ್ನು ಹೊರಲೂ ಬೇಕು. ಅಲ್ಲಿ ಮುರಿದರೆ ಗಾಲಿಯೇ ಕಳಚಿ ಹೊರಟುಹೋಗಬಹುದು. ಮೊದಲನೆಯ ಬಗೆಯ ಕೇಡನ್ನು ಒಡೆಯನು ತನ್ನ ಇಚ್ಛೆಯಂತೆ ಸಹಿಸಿಕೊಳ್ಳಬಹುದು. ಅವನ ಹಟದ ದಂಡವನ್ನು ಅವನೇ ತೆರುತ್ತಾನೆ. ಎರಡನೆಯದನ್ನು ಸಹಿಸುವ ಸ್ವಾತಂತ್ರ್ಯವು ಅವನಿಗಿಲ್ಲ, ಏಕೆಂದರೆ ಅದನ್ನು ತೆರುವವರು ಬೇರೆಯವರು.

ಇದೇ ಸೂತ್ರದಿಂದ ವಸ್ತುಸಂಗ್ರಹಾಲಯದ ಗಾಡಿಗೂ ರಸ್ತೆಯ ಗಾಡಿಗೂ ಇರುವ ಭೇದವು ಸ್ಪಷ್ಟವಾಗುತ್ತದೆ. ನಿಂತಲ್ಲಿಯೇ ನಿಲ್ಲುವ ಗಾಡಿಯಲ್ಲಿ ಬ್ಯಾಬಿಟ್ಟಿನ ಬಳೆಗಳನ್ನು ಇದ್ದಂತೆಯೇ ಇಡುವುದು ಒಳ್ಳೆಯದು. ಮುಂದಿನವರು ಹಿಂದಿನವರ ಕೆಲಸವನ್ನು ಅದರಿಂದ ತಿಳಿಯಬಹುದು. ಅದೇ ಬಳೆಗಳನ್ನು ಹೊತ್ತ ಗಾಡಿಯು ಮಕ್ಕಳನ್ನು ಕೂರಿಸಿಕೊಂಡು ಬೆಟ್ಟವಿಳಿಯುವುದಾದರೆ ಅವು ಅಲ್ಲಿರುವುದು ತಪ್ಪು. ಬಳೆಗಳು ಬದಲಾಗಲಿಲ್ಲ, ಅವುಗಳ ಮೇಲೆ ಬಿದ್ದ ಹೊಣೆಯು ಬದಲಾಯಿತು.

ಹೊಸ ಅಂಗವನ್ನು ಕೊಳ್ಳುವ ಶಕ್ತಿಯಿಲ್ಲದವನ ಗತಿಯೇನು ಎಂಬುದು ಉಳಿದ ಪ್ರಶ್ನೆ. ಇದನ್ನು ಹಗುರವಾಗಿ ತಳ್ಳಿಹಾಕಬಾರದು. 1962ರಲ್ಲಿ ಅಮೆರಿಕೆಯು ಕ್ಯೂಬಾದೊಡನೆ ವ್ಯಾಪಾರವನ್ನು ನಿಷೇಧಿಸಿದ ಮೇಲೆ, ಹವಾನಾ ನಗರದ ಅಮೆರಿಕನ್ ಗಾಡಿಗಳಿಗೆ ತವರಿನಿಂದ ಅಂಗಗಳು ಬರುವುದು ನಿಂತಿತು. ಅಲ್ಲಿಯ ಜನರು ಬೇರೆ ದೇಶದ ಗಾಡಿಗಳ ಅಂಗಗಳನ್ನು ಹೊಂದಿಸಿಯೂ, ಇಲ್ಲದುದನ್ನು ಕೈಯಿಂದಲೇ ಮಾಡಿಯೂ ಅವನ್ನು ಓಡಿಸುತ್ತ ಬಂದರು. ಹೊಟ್ಟೆಯ ಪಾಡಿಗಾಗಿ ಮಾಡಿದ ಅಂತಹ ದುರಸ್ತಿಯನ್ನು, ಹೆಮ್ಮೆಗಾಗಿ ಮಾಡುವ ಹಟದೊಡನೆ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಆದರೂ ಬಡವನ ಅಚ್ಚು ಮುರಿದರೆ ಸಾಯುವವನು ಸಿರಿವಂತನ ಅಚ್ಚು ಮುರಿದಾಗ ಸಾಯುವವನಷ್ಟೇ ಸಾಯುತ್ತಾನೆ. ಆದುದರಿಂದ ಬದಲಿಸಲಾರದವನಿಗೂ ಒಂದು ದಾರಿ ಉಳಿದಿದೆ: ಬಲವನ್ನು ಹೆಚ್ಚಿಸಲಾರದಿದ್ದರೆ ಹೊರೆಯನ್ನು ತಗ್ಗಿಸುವುದು. ವೇಗವನ್ನು ಇಳಿಸಬಹುದು, ನಾಲ್ವರ ಬದಲು ಇಬ್ಬರನ್ನು ಕೂರಿಸಬಹುದು, ಇಳಿಜಾರಿನ ದಾರಿಯನ್ನು ಬಿಡಬಹುದು, ಪರೀಕ್ಷೆಯಲ್ಲಿ ಬಿರುಕು ಕಂಡರೆ ಹಣವು ಕೂಡುವವರೆಗೆ ಗಾಡಿಯನ್ನು ನಿಲ್ಲಿಸಬಹುದು. ಇದು ಕಷ್ಟವೇ, ಆದರೆ ಅಸಾಧ್ಯವಲ್ಲ.

ಬದಲಿಸಿದ ಮೇಲೆಯೂ ಕರ್ತವ್ಯವು ಮುಗಿಯುವುದಿಲ್ಲ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು 2012ರಲ್ಲಿ ಇಟಲಿಯ ಟೂರಿನ್ ನಗರದಲ್ಲಿ ಅಂಗೀಕರಿಸಿದ ಸನದಿನಲ್ಲಿ, ಮಾಡಿದ ಬದಲಾವಣೆಗಳನ್ನು ಬರೆದಿಡಬೇಕೆಂಬ ಮತ್ತು ತೆಗೆದ ಮುಖ್ಯ ಅಂಗಗಳನ್ನು ಗಾಡಿಯೊಡನೆಯೇ ಕಾಪಾಡಬೇಕೆಂಬ ಭಾವವಿದೆ. ಇದರಲ್ಲಿ ಎರಡು ಸತ್ಯಗಳಿಗೂ ಸ್ಥಾನವುಂಟು: ಗಾಡಿಯು ಇಂದು ಏನಾಗಿದೆಯೆಂಬ ಸತ್ಯಕ್ಕೆ, ಹಿಂದೆ ಏನಾಗಿತ್ತೆಂಬ ಸತ್ಯಕ್ಕೆ. ಬರೆದಿಡದೆ ಬದಲಿಸಿದವನು ಇತಿಹಾಸಕ್ಕೆ ಮೋಸಮಾಡುತ್ತಾನೆ. ಬದಲಿಸದೆ ಬಣ್ಣಬಳಿದು ಮಾರಿದವನು ಕೊಂಡವನಿಗೆ ಮೋಸಮಾಡುತ್ತಾನೆ. ಮಾರುವವನಿಗೆ ತಿಳಿದ ದೋಷವು ಕೊಳ್ಳುವವನಿಗೆ ತಿಳಿಯದಿದ್ದರೆ, ಮಾರಾಟವಾದುದು ಗಾಡಿಯಷ್ಟೇ ಅಲ್ಲ, ಅಪಾಯವೂ ಹೌದು.

ಗೃಹಸ್ಥನು ಕಡೆಗೆ ಮೇಸ್ತ್ರಿಯ ಮಾತಿಗೆ ಒಪ್ಪಿ ಅಚ್ಚನ್ನು ಬಿಚ್ಚಿಸಿದನೆಂದು ಭಾವಿಸಬಹುದು. ಒಳಗಿನ ಬಳೆಗಳು ಉದುರಿ ಎಣ್ಣೆಯ ತಳದಲ್ಲಿ ಬೂದುಬಣ್ಣದ ಚೂರುಗಳಾಗಿ ಕುಳಿತಿರಬಹುದು. ಇಲ್ಲವೆ, ಅಚ್ಚರಿಯೆಂಬಂತೆ ಇನ್ನೂ ಗಟ್ಟಿಯಾಗಿಯೇ ಇರಬಹುದು. ಎರಡನೆಯದಾದರೆ ಅವನು ವ್ಯರ್ಥವಾಗಿ ಖರ್ಚುಮಾಡಿದನೆ? ಇಲ್ಲ. ಅದುವರೆಗೆ ಅವನಲ್ಲಿದ್ದುದು ಆಸೆ. ಈಗ ಇರುವುದು ತಿಳಿವಳಿಕೆ. ಅವನು ಕಂಚಿನ ಬಳೆಗಳನ್ನು ಹಾಕಿಸಿ, ಹಳೆಯವನ್ನು ಒರಸಿ, ಒಂದು ಡಬ್ಬಿಯಲ್ಲಿಟ್ಟು, ಮೇಲೆ ದಿನಾಂಕವನ್ನು ಬರೆದು ಮಗನ ಕೈಗೆ ಕೊಡಬಹುದು. ಅಜ್ಜನ ಬಳೆಗಳು ಡಬ್ಬಿಯಲ್ಲಿರುತ್ತವೆ; ಅಜ್ಜನ ಗಾಡಿಯು ರಸ್ತೆಯಲ್ಲಿರುತ್ತದೆ. ಅಜ್ಜನೇ ಬದುಕಿದ್ದರೆ, ಆ ಗಾಡಿಯಲ್ಲಿ ಮೊಮ್ಮಕ್ಕಳು ಕುಳಿತಿರುವುದನ್ನು ಕಂಡು, ಎರಡರಲ್ಲಿ ಯಾವುದು ಉಳಿಯಬೇಕೆಂದು ಹೇಳುತ್ತಿದ್ದನೆಂಬುದರಲ್ಲಿ ಸಂದೇಹವಿಲ್ಲ.